ಪದಚರ್ಚೆ: ಹಳೆಯ ಬ್ರಿಟಿಷ್ ಲಾರಿಯ ಚಾಲಕನಿಗೆ ಬೇಕಿದ್ದದ್ದು ಸುಖವೋ, ಆರಾಮವೋ, ಹಿತವೋ?

ಎಲ್ಲರಿಗೂ ನಮಸ್ಕಾರ.

ಹಳೆಯ ಬ್ರಿಟಿಷ್ ಲಾರಿಗಳ ಬಗ್ಗೆ ಕನ್ನಡದಲ್ಲಿ ಒಂದು ಉದ್ದನೆಯ ಲೇಖನ ಬರೆಯುತ್ತಿದ್ದೇನೆ. ಸೌತಾಲ್‌ನ ಎಇಸಿ, ಲ್ಯಾಂಕಶೈರಿನ ಲೇಲ್ಯಾಂಡ್, ಸ್ಯಾಂಡ್‌ಬ್ಯಾಚ್ ಊರಿನ ಫೋಡನ್ ಮತ್ತು ಇಆರ್‌ಎಫ್, ಜೊತೆಗೆ ಬೆಡ್‌ಫೋರ್ಡ್, ಈ ಕಂಪನಿಗಳ ಲಾರಿಗಳು. ಇಂಜಿನ್ನು, ಗೇರು, ಎಷ್ಟು ಟನ್ ಹೊರುತ್ತಿತ್ತು ಅನ್ನುವುದೆಲ್ಲ ಸಲೀಸಾಗಿ ಬರೆದಾಯಿತು. ಚಾಲಕ ಕೂರುವ ಜಾಗಕ್ಕೆ ಬಂದಾಗ ಪದ ಸಿಗದೆ ನಿಂತಿದ್ದೇನೆ. ಇಂಗ್ಲಿಷಿನಲ್ಲಿ ‘ಡ್ರೈವರ್ ಕಂಫರ್ಟ್’ ಅನ್ನುತ್ತಾರಲ್ಲ, ಅದಕ್ಕೆ ನಾವು ಏನನ್ನಬೇಕು?

ಆ ಕ್ಯಾಬಿನ್ ಹೇಗಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಪದ ಅದಕ್ಕೆ ಹೊಂದಬೇಕಲ್ವಾ.

ಮೊದಲನೇ ಮಹಾಯುದ್ಧದ ಕಾಲದ ಲೇಲ್ಯಾಂಡ್, ಎಇಸಿ ಲಾರಿಗಳಲ್ಲಿ ಸಾಮಾನ್ಯವಾಗಿ ಚಾಲಕನ ಎದುರು ಗಾಜೇ ಇರುತ್ತಿರಲಿಲ್ಲ. ತಲೆಯ ಮೇಲೆ ಒಂದು ಕ್ಯಾನ್ವಾಸ್ ಬಟ್ಟೆ ಇದ್ದರೆ ಅದೇ ಸೂರು. 1930ರ ದಶಕಕ್ಕೆ ಬಾಗಿಲು, ಗಾಜು ಎಲ್ಲ ಬಂತು. ಆದರೆ ಕ್ಯಾಬಿನ್ ಕಟ್ಟುತ್ತಿದ್ದದ್ದು ಹೆಚ್ಚಾಗಿ ಮರದ ಚೌಕಟ್ಟಿಗೆ ತಗಡು ಬಡಿದು. ವರ್ಷ ಕಳೆದಂತೆ ಮರದ ಕೀಲು ಸಡಿಲವಾಗುತ್ತಿತ್ತು, ಬಾಗಿಲ ಸಂದಿ ಅಗಲವಾಗುತ್ತಿತ್ತು. ಪೆಡಲುಗಳ ತೂತಿನಿಂದ ಗಾಳಿ ನೇರವಾಗಿ ಕಾಲಿಗೆ ಬಡಿಯುತ್ತಿತ್ತು. ಹೀಟರ್ ಅನ್ನುವುದು 1960ರ ದಶಕದಲ್ಲೂ ಎಷ್ಟೋ ಲಾರಿಗಳಿಗೆ ಜಾಸ್ತಿ ದುಡ್ಡು ಕೊಟ್ಟು ಹಾಕಿಸಬೇಕಾದ ಸಾಮಾನು. ದಪ್ಪ ಕೋಟು ತೊಟ್ಟು, ಕಾಲಿಗೆ ಗೋಣಿ ಸುತ್ತಿಕೊಂಡು ಓಡಿಸುತ್ತಿದ್ದರು. ಇಂಜಿನ್ ಇದ್ದದ್ದು ಚಾಲಕನ ಎಡ ಮಗ್ಗುಲಿಗೆ, ಬಾಗಿಲು ಬಲ ಮಗ್ಗುಲಿಗೆ. ಎಡಗಾಲು ಬೇಯುತ್ತಿತ್ತು, ಬಲಗಾಲು ಮರಗಟ್ಟುತ್ತಿತ್ತು. ಒಂದೇ ಮೈ, ಎರಡು ಹವೆ.

ಅದರಲ್ಲೂ ಎಷ್ಟು ಹೊತ್ತು ಕೂರಬೇಕಿತ್ತು ನೋಡಿ. ಬ್ರಿಟನ್ನಿನಲ್ಲಿ ಭಾರಿ ಲಾರಿಗಳಿಗೆ 1957ರವರೆಗೆ ಗಂಟೆಗೆ 20 ಮೈಲಿಯ ಮಿತಿ ಇತ್ತು, ಅಂದರೆ ಸುಮಾರು 32 ಕಿಲೋಮೀಟರ್. ಆಮೇಲೆ ಅದು 30 ಮೈಲಿ ಆಯಿತು. 1930ರ ರಸ್ತೆ ಕಾಯಿದೆಯ ಪ್ರಕಾರ ಒಂದೇ ಸಮನೆ ಐದೂವರೆ ಗಂಟೆ, ದಿನಕ್ಕೆ 11 ಗಂಟೆ ಓಡಿಸಬಹುದಿತ್ತು. ಉತ್ತರಕ್ಕೆ ಹೋಗುವ ಎ6 ರಸ್ತೆಯಲ್ಲಿ ಶಾಪ್ ಅನ್ನುವ ಗುಡ್ಡದ ಏರು ಇದೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬಿದ್ದು ದಾರಿ ಕಟ್ಟುತ್ತಿತ್ತು. 1970ರಲ್ಲಿ ಎಂ6 ಹೆದ್ದಾರಿ ಆ ಕಡೆ ತೆರೆಯುವವರೆಗೆ ಲಾರಿಗಳೆಲ್ಲ ಆ ಏರನ್ನೇ ಹತ್ತಬೇಕಿತ್ತು. ಆ ದಾರಿಯಲ್ಲಿ ದುಡಿದ ಚಾಲಕರ ನೆನಪಿಗೆ ಗುಡ್ಡದ ತುದಿಯಲ್ಲಿ ಈಗ ಒಂದು ಕಲ್ಲು ನಿಲ್ಲಿಸಿದ್ದಾರೆ. ರಾತ್ರಿ ಕೊಠಡಿ ಹಿಡಿಯಲು ಆಗದವರು ಕ್ಯಾಬಿನ್ನಿನಲ್ಲೇ, ಇಂಜಿನ್ ಮುಚ್ಚಳದ ಮೇಲೆ ಅಡ್ಡ ಹಲಗೆ ಹಾಕಿಕೊಂಡು ಮಲಗುತ್ತಿದ್ದರು.

ಈಗ ಪದಕ್ಕೆ ಬರುತ್ತೇನೆ. ಮೊದಲು ‘ಸೌಕರ್ಯ’ ಬರೆದೆ. “ಚಾಲಕನಿಗೆ ಸೌಕರ್ಯ ಇರಲಿಲ್ಲ.” ಓದಿದರೆ ನೀರು, ದೀಪ, ಕಕ್ಕಸು ಇರಲಿಲ್ಲ ಅಂದ ಹಾಗಾಯಿತು. ಮೂಲಸೌಕರ್ಯ ಅಂತ ದಿನಾ ಪತ್ರಿಕೆಯಲ್ಲಿ ಓದಿ ಓದಿ ಆ ಪದ ವಸ್ತುಗಳ ಕಡೆ ವಾಲಿದೆ. ಹೀಟರ್ ಒಂದು ಸೌಕರ್ಯ, ಸರಿ. ಹೀಟರ್ ಹಾಕಿದ ಮೇಲೆ ಕಾಲಿಗೆ ಆಗುವುದು ಏನು? ಅದಕ್ಕೆ ಸೌಕರ್ಯ ಅನ್ನಲು ಬರುವುದಿಲ್ಲ.

ಆಮೇಲೆ ‘ಆರಾಮ’. ಆಡುಮಾತಿನಲ್ಲಿ ಎಲ್ಲರಿಗೂ ಬರುವ ಪದ. ನಮಗೆ ಈ ಅರ್ಥದಲ್ಲಿ ಪಾರಸಿಯಿಂದ ಬಂದದ್ದು. ನನಗೂ ಇಷ್ಟ. ಆದರೆ ಕರಡನ್ನು ಧಾರವಾಡದ ಸ್ನೇಹಿತರೊಬ್ಬರಿಗೆ ಓದಿ ಹೇಳಿದಾಗ ತೊಡಕು ಗೊತ್ತಾಯಿತು. “ಅಂದಿನ ಚಾಲಕರಿಗೆ ಆರಾಮ ಇರಲಿಲ್ಲ” ಅಂದೆ. “ಏನಾಗಿತ್ತ್ರಿ ಅವರಿಗೆ, ಜ್ವರನಾ?” ಅಂದರು. ಆ ಕಡೆ ‘ಆರಾಮಿಲ್ಲ’ ಅಂದರೆ ಹುಷಾರಿಲ್ಲ ಅಂತ. ಮೈಸೂರು ಕಡೆ ‘ಆರಾಮಾಗಿ ಬಾ’ ಅಂದರೆ ಅವಸರ ಬೇಡ ಅಂತ. ಒಂದು ಕಡೆ ಆರೋಗ್ಯ, ಇನ್ನೊಂದು ಕಡೆ ನಿಧಾನ. ನನಗೆ ಬೇಕಾದ ಅರ್ಥ ಎರಡರ ನಡುವೆ ಎಲ್ಲೋ ಇದೆ.

‘ಸುಖ’ದ ವಿಷಯ ಬೇರೆ. ಇದನ್ನು ಹುಡುಕುವಾಗ ನನಗೆ ನಿಜವಾಗಿ ಖುಷಿಯಾಯಿತು. ಸಂಸ್ಕೃತದಲ್ಲಿ ‘ಖ’ ಅಂದರೆ ತೂತು. ಸುಖ ಅಂದರೆ ಒಳ್ಳೆಯ ತೂತು, ಅಂದರೆ ಗಾಲಿಯ ನಡುವೆ ಅಚ್ಚು ಕೂರುವ ತೂತು ಸರಿಯಾಗಿರುವುದು ಅಂತ ಒಂದು ವಿವರಣೆ ಇದೆ. ಋಗ್ವೇದದಲ್ಲಿ ಈ ಪದ ರಥದ ಜೊತೆಗೇ ಬರುತ್ತದೆ. ಕುಲುಕದೆ, ಕಿರುಗುಟ್ಟದೆ ಓಡುವ ಗಾಡಿ ‘ಸುಖ’. ಲಾರಿಯ ಬಗ್ಗೆ ಬರೆಯುವವನಿಗೆ ಇದಕ್ಕಿಂತ ಒಳ್ಳೆಯ ಪದ ಇನ್ನೇನು ಬೇಕು! ಆದರೆ ಇಂದಿನ ಕನ್ನಡದಲ್ಲಿ ಸುಖ ಅಂದರೆ ಮೆತ್ತನೆ ಹಾಸಿಗೆ, ಕೆಲಸವಿಲ್ಲದ ಬದುಕು. ಸುಖಪುರುಷ ಅಂತ ಬೈಯುವುದೂ ಉಂಟು. ಆ ಕಾಲದ ಕೆಲವು ಮಾಲೀಕರು ಹೀಟರ್ ಕೊಟ್ಟರೆ ಚಾಲಕ ತೂಕಡಿಸುತ್ತಾನೆ ಅನ್ನುತ್ತಿದ್ದರಂತೆ. ನಾನು ‘ಸುಖ’ ಅಂತ ಬರೆದರೆ ಓದುವವರಿಗೂ ಹಾಗೇ ಅನ್ನಿಸೀತು ಅಂತ ನನ್ನ ಭಯ. ಕಾಲು ಮರಗಟ್ಟದೇ ಇರಲಿ ಅಂತ ಕೇಳುವುದು ಸುಖ ಬೇಡುವುದಲ್ಲ.

ಇಂಗ್ಲಿಷ್ ಪದದ ಬೇರೂ ಇದನ್ನೇ ಹೇಳುತ್ತದೆ. ಅದರೊಳಗೆ ಲ್ಯಾಟಿನ್ನಿನ ‘ಫೋರ್ಟಿಸ್’ ಇದೆ, ಅಂದರೆ ಗಟ್ಟಿ. ಮೊದಲು ಕಂಫರ್ಟ್ ಅಂದರೆ ಬಲ ಕೊಡುವುದು, ಧೈರ್ಯ ತುಂಬುವುದು. ಮೈಗೆ ಒಳ್ಳೆಯದೆನಿಸುವ ಅರ್ಥ ಬಂದದ್ದು ಎಷ್ಟೋ ಆಮೇಲೆ.

ಕೊನೆಗೆ ‘ಹಿತ’ಕ್ಕೆ ಬಂದು ನಿಂತಿದ್ದೇನೆ. ಇದಕ್ಕೆ ನಮ್ಮ ಸೋದರಮಾವ ಕಾರಣ. ಅವರು 1970ರ ದಶಕದಲ್ಲಿ ಹುಬ್ಬಳ್ಳಿ, ಚಿತ್ರದುರ್ಗ, ಬೆಂಗಳೂರು ಅಂತ ಲೇಲ್ಯಾಂಡ್ ಲಾರಿ ಓಡಿಸುತ್ತಿದ್ದರು. ಮದರಾಸಿನ ಎಣ್ಣೂರಿನಲ್ಲಿ ಅಶೋಕ್ ಮೋಟರ್ಸ್ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದ ಮೇಲೆ ಆ ಬ್ರಿಟಿಷ್ ಹೆಸರು ನಮ್ಮ ರಸ್ತೆಗಳಲ್ಲೂ ಮನೆಮಾತಾಯಿತು. ಮಾವ ಹೇಳುತ್ತಿದ್ದರು: “ಗಾಡಿ ಕೈಗೆ ಕೂರಬೇಕು, ಸೀಟು ಬೆನ್ನಿಗೆ ಕೂರಬೇಕು.” ನಾವು ಸೀಟಿನ ಮೇಲೆ ಕೂರುವುದಲ್ಲ, ಸೀಟು ನಮಗೆ ಕೂರಬೇಕು. ‘ಹಿತ’ ಪದದ ಮೂಲ ಅರ್ಥವೂ ಇಟ್ಟದ್ದು, ಹೊಂದಿಸಿ ಇಟ್ಟದ್ದು ಅಂತಲೇ. ಹಿತವಾದ ಬಿಸಿ, ಕಿವಿಗೆ ಹಿತ, ಮೈಗೆ ಹಿತ. ಅತಿ ಇಲ್ಲ, ಕೊರತೆಯೂ ಇಲ್ಲ.

ಇಲ್ಲೂ ಒಂದು ತೊಡಕು ಇದೆ. ‘ಚಾಲಕರ ಹಿತ’ ಅಂತ ಶೀರ್ಷಿಕೆ ಕೊಟ್ಟರೆ ಸಂಘದ ಮನವಿಪತ್ರದ ಹಾಗೆ ಕಾಣುತ್ತದೆ. ಹಿತರಕ್ಷಣೆ, ಹಿತಾಸಕ್ತಿ ಎಲ್ಲ ನೆನಪಾಗುತ್ತವೆ. ಅದಕ್ಕೇ ‘ಮೈಹಿತ’ ಅಂತ ಮಾಡಿಕೊಂಡಿದ್ದೇನೆ. “ಬೆಡ್‌ಫೋರ್ಡ್ ಟಿಕೆ ಲಾರಿಯಲ್ಲಿ ಇಂಜಿನ್ನನ್ನು ಸೀಟಿನ ಹಿಂದಕ್ಕೆ ಸರಿಸಿದ್ದರಿಂದ ಚಾಲಕನ ಮೈಹಿತ ಹೆಚ್ಚಿತು.” ನನ್ನ ಕಿವಿಗೆ ಸರಿ ಅನ್ನಿಸುತ್ತದೆ. ನಿಮ್ಮಲ್ಲಿ ಯಾರಾದರೂ ಈ ಪದ ಕೇಳಿದ್ದೀರಾ? ಅಥವಾ ಇದು ನಾನು ಸುಮ್ನೆ ಅಂಟಿಸಿದ ಜೋಡಿ ಅನ್ನಿಸುತ್ತದೆಯಾ?

ಇನ್ನು ಕೆಲವು ಪದಗಳಿವೆ. ‘ಬಾನೆಟ್’ ನೋಡಿ. ಬ್ರಿಟನ್ನಿನಲ್ಲಿ ಅದು ಗಾಡಿಯ ಹೊರಗೆ, ಮೂತಿಯ ಮೇಲೆ ಇರುವ ಇಂಜಿನ್ ಮುಚ್ಚಳ. ಇಂಜಿನ್ ಕ್ಯಾಬಿನ್ ಒಳಗೇ ಬಂದರೆ ಆ ಮುಚ್ಚಳಕ್ಕೆ ಅಲ್ಲಿ ಬೇರೆ ಹೆಸರು. ನಮ್ಮಲ್ಲಿ ಹಾಗಲ್ಲ. ಹಳೆಯ ಬಸ್ಸುಗಳಲ್ಲಿ ಡ್ರೈವರ್ ಪಕ್ಕದ ಆ ದಿಬ್ಬವನ್ನೂ ಬಾನೆಟ್ ಅಂತಲೇ ಅನ್ನುತ್ತಿದ್ದೆವು. “ಸೀಟಿಲ್ಲ, ಬಾನೆಟ್ ಮೇಲೆ ಕೂತು ಬಂದೆ” ಅಂತ ಹೇಳದವರು ಯಾರು? ಮಳೆಗಾಲದಲ್ಲಿ ಹಿತವಾಗಿರುತ್ತಿತ್ತು, ಬೇಸಿಗೆಯಲ್ಲಿ ಸುಡುತ್ತಿತ್ತು. ಹಾಗಾಗಿ ಆ ಹಲಗೆಯ ವಾಕ್ಯವನ್ನು “ಬಾನೆಟ್ ಮೇಲೆ ಹಲಗೆ ಹಾಕಿ ಮಲಗುತ್ತಿದ್ದರು” ಅಂತ ಬರೆದರೆ ಕನ್ನಡ ಓದುಗರಿಗೆ ತಕ್ಷಣ ಗೊತ್ತಾಗುತ್ತದೆ. ಬ್ರಿಟಿಷ್ ಬಳಕೆ ಗೊತ್ತಿರುವವರು ಮಾತ್ರ ಚಾಲಕ ಹೊರಗೆ ಮೂತಿಯ ಮೇಲೆ ಮಲಗಿದ ಅಂದುಕೊಂಡಾರು. ನಾನು ನಮ್ಮ ಅರ್ಥವನ್ನೇ ಇಟ್ಟುಕೊಳ್ಳಬೇಕು ಅಂತ ಇದ್ದೇನೆ.

ಲಾರಿಯ ಕ್ಯಾಬಿನ್ನಿಗೆ ಇಂಗ್ಲಿಷಿನಲ್ಲಿ ‘ಕ್ಯಾಬ್’ ಅನ್ನುತ್ತಾರೆ. ಹಾಗೆ ಬರೆಯಲು ಬೆಂಗಳೂರಿನವರು ಬಿಡುವುದಿಲ್ಲ. ಅಲ್ಲಿ ಕ್ಯಾಬ್ ಅಂದರೆ ಫೋನಿನಲ್ಲಿ ಕರೆಸುವ ಟ್ಯಾಕ್ಸಿ. ಲಾರಿಯವರು ಕ್ಯಾಬಿನ್ ಅನ್ನುತ್ತಾರೆ, ಅದೇ ಇರಲಿ. ಎರಡಕ್ಕೂ ಹುಟ್ಟಿನಲ್ಲಿ ನಂಟಿಲ್ಲ ಅನ್ನುವುದು ನನಗೆ ಈಗ ಗೊತ್ತಾಯಿತು. ಕ್ಯಾಬಿನ್‌ನ ಮೂಲದಲ್ಲಿ ಗುಡಿಸಲು ಇದೆ. ಕ್ಯಾಬ್ ಬಂದದ್ದು ಕ್ಯಾಬ್ರಿಯೋಲೆ ಅನ್ನುವ ಕುದುರೆಗಾಡಿಯ ಹೆಸರಿನಿಂದ. ಆಡಿನ ಹಾಗೆ ನೆಗೆದು ನೆಗೆದು ಓಡುತ್ತದೆ ಅಂತ ಅದಕ್ಕೆ ಆ ಹೆಸರು. ಆ ಕಾಲದ ಲಾರಿಯ ಸೀಟಿನ ಮೇಲೆ ಕೂತವರಿಗೆ ಕ್ಯಾಬೇ ಸರಿಯಾದ ಪದ ಅನ್ನಿಸಿದ್ದೀತು.

1964ರಲ್ಲಿ ಲೇಲ್ಯಾಂಡ್ ಹೊಸ ಕ್ಯಾಬಿನ್ ತಂದಿತು. ಇಟಲಿಯ ಮಿಕೆಲೋಟ್ಟಿ ಅದರ ರೂಪ ಬರೆದವರು. ಹೆಸರು ‘ಎರ್ಗೊಮ್ಯಾಟಿಕ್’. ಕೆಲಸಕ್ಕೂ ಮೈಗೂ ಹೊಂದಿಕೆ ಮಾಡುವ ವಿದ್ಯೆಗೆ ಎರ್ಗೊನಾಮಿಕ್ಸ್ ಅನ್ನುವ ಹೆಸರನ್ನು ಬ್ರಿಟನ್ನಿನಲ್ಲಿ ಮರೆಲ್ ಅನ್ನುವವರು ಬಳಕೆಗೆ ತಂದದ್ದು 1949ರಲ್ಲಿ. ಹದಿನೈದು ವರ್ಷದಲ್ಲಿ ಅದು ಲಾರಿಯ ಹಣೆಗೆ ಬಂತು. ಕನ್ನಡದಲ್ಲಿ ಈ ವಿದ್ಯೆಗೆ ‘ದಕ್ಷತಾಶಾಸ್ತ್ರ’ ಅನ್ನುವುದನ್ನು ನೋಡಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ದಕ್ಷತೆ ಅನ್ನುವುದು ಕೆಲಸ ಮಾಡಿಸುವವನ ಕಡೆಯ ಮಾತು. ಬೆನ್ನು, ಮೊಣಕಾಲು, ಕಣ್ಣು ಅದರಲ್ಲಿ ಕಾಣುವುದೇ ಇಲ್ಲ. ‘ಹೊಂದಿಕೆ’ ಅನ್ನುವುದನ್ನು ಸೇರಿಸಿ ಏನಾದರೂ ಕಟ್ಟಬಹುದಾ?

ಆ ಎರ್ಗೊಮ್ಯಾಟಿಕ್ ಕ್ಯಾಬಿನ್ ಇಡಿಯಾಗಿ ಮುಂದಕ್ಕೆ ಬಾಗುತ್ತಿತ್ತು. 1962ರಲ್ಲೇ ಫೋಡನ್ ಅಂಥದ್ದನ್ನು ತಂದಿತ್ತು. ಅದಕ್ಕೂ ಮೊದಲು ಈ ಲಾರಿಗಳ ಕ್ಯಾಬಿನ್ ಸಾಮಾನ್ಯವಾಗಿ ಹಾಗೆ ಬಾಗುತ್ತಿರಲಿಲ್ಲ. ಇಂಜಿನ್ನಿನ ಎಷ್ಟೋ ರಿಪೇರಿಯನ್ನು ಚಾಲಕ ಕೂರುವ ಜಾಗದಲ್ಲೇ ಮುಚ್ಚಳ ತೆಗೆದು ಮಾಡಬೇಕಿತ್ತು. ಎಣ್ಣೆ, ಗ್ರೀಸು, ವಾಸನೆ ಎಲ್ಲ ಅಲ್ಲೇ ಉಳಿಯುತ್ತಿತ್ತು. ನಮ್ಮ ಮೆಕ್ಯಾನಿಕ್ಕುಗಳು “ಕ್ಯಾಬಿನ್ ಎತ್ತು” ಅನ್ನುತ್ತಾರೆ. ‘ಎತ್ತುವ ಕ್ಯಾಬಿನ್’ ಅಂತ ಬರೆಯಲಾ, ‘ಬಾಗುವ ಕ್ಯಾಬಿನ್’ ಅಂತಲಾ? ‘ಮಗುಚುವ’ ಮಾತ್ರ ಬೇಡ, ಲಾರಿಯೇ ಬಿದ್ದ ಹಾಗಾಗುತ್ತದೆ.

ಒಂದು ಪದ ಮಾತ್ರ ನನಗೆ ಸಿಕ್ಕೇ ಇಲ್ಲ. ಬಾಗಿಲ ಸಂದಿಯಿಂದ, ಪೆಡಲಿನ ತೂತಿನಿಂದ ಸಣ್ಣಗೆ, ಬಿಡದೆ ಕೊರೆಯುವ ಗಾಳಿ. ಇಂಗ್ಲಿಷಿನಲ್ಲಿ ಅದಕ್ಕೆ ಪ್ರತ್ಯೇಕ ಪದ ‘ಡ್ರಾಫ್ಟ್’ ಇದೆ. ಚಳಿಗಾಳಿ ಅಂದರೆ ಹೊರಗಿನ ಗಾಳಿಯಾಯಿತು. ಸುಳಿಗಾಳಿ ಅಂದರೆ ಧೂಳೆಬ್ಬಿಸಿ ಸುತ್ತುವಂಥದ್ದು. ‘ಸಂದಿಗಾಳಿ’ ಅಂತ ಸದ್ಯಕ್ಕೆ ಬರೆದಿದ್ದೇನೆ. ಮಡಿಕೇರಿ, ಸಕಲೇಶಪುರ, ಆಗುಂಬೆ ಕಡೆಯವರಿಗೆ ಹಂಚಿನ ಮನೆಯ ಜಂತಿಯ ನಡುವೆ ನುಗ್ಗುವ ಗಾಳಿ ಗೊತ್ತಿರಬೇಕು. ನಿಮ್ಮ ಮನೆಯ ಹಿರಿಯರು ಅದಕ್ಕೆ ಏನನ್ನುತ್ತಿದ್ದರು? ದಯವಿಟ್ಟು ಕೇಳಿ ತಿಳಿಸಿ.

1967ರಿಂದ ಸ್ವೀಡನ್ನಿನ ವೋಲ್ವೋ ಎಫ್86 ಬ್ರಿಟನ್ನಿಗೆ ಬಂತು. ಬೆಚ್ಚಗಿನ ಕ್ಯಾಬಿನ್, ಒಳ್ಳೆಯ ಸೀಟು. ಅದರಲ್ಲಿ ಕೂತು ನೋಡಿದ ಚಾಲಕರು ಹಳೆಯದಕ್ಕೆ ಮರಳಲು ಒಪ್ಪಲಿಲ್ಲ. ಲೇಖನದ ಆ ಭಾಗದಲ್ಲಿ ಒಂದು ವಾಕ್ಯ ಹೀಗಿದೆ: “ಹಿತ ಏನು ಅಂತ ಒಮ್ಮೆ ಮೈಗೆ ಗೊತ್ತಾದ ಮೇಲೆ ಅದು ಮರೆಯುವುದಿಲ್ಲ.” ಇಲ್ಲಿ ಹಿತದ ಬದಲು ಆರಾಮ, ಸುಖ, ಸೌಕರ್ಯ ಒಂದೊಂದನ್ನೂ ಇಟ್ಟು ಓದಿ ನೋಡಿ. ಯಾವುದು ನಿಮ್ಮ ಕಿವಿಗೆ ಕೂರುತ್ತದೆ, ನೀವು ಯಾವ ಕಡೆಯವರು ಅನ್ನುವ ಎರಡನ್ನೂ ಬರೆಯಿರಿ. ಲಾರಿ ಓಡಿಸಿದವರು, ಅವರ ಮಕ್ಕಳು ಇಲ್ಲಿ ಯಾರಾದರೂ ಇದ್ದರೆ ನಿಮ್ಮ ಉತ್ತರಕ್ಕೆ ಕಾಯುತ್ತಿರುತ್ತೇನೆ.