ಪದ ಬೇಕು: 'ಎಕ್ಸಾಟಿಕ್' (ಇವತ್ತು ಸಂಜೆಯೊಳಗೆ)

ಕಾರವಾರದಿಂದ:
ಡೇಟಿಂಗ್ ಆ್ಯಪ್‌ಗಳಲ್ಲಿ ಮೈಬಣ್ಣ ನೋಡಿ ಆಡುವ ಮಾತುಗಳ ಬಗ್ಗೆ ಕಾಲೇಜಿನಲ್ಲಿ ಕಾರ್ಯಕ್ರಮವಿದೆ. ಬ್ಯಾನರಿನ ಸಾಲು: 'ನಾನು ಎಕ್ಸಾಟಿಕ್ ಅಲ್ಲ, ಯಲ್ಲಾಪುರದವಳು.' ಹೇಳಿದವಳು ನನ್ನ ಸಿದ್ದಿ ಗೆಳತಿ, ಆಫ್ರಿಕಾ ಮೂಲದ ನಮ್ಮ ಜಿಲ್ಲೆಯ ಸಮುದಾಯದವಳು. ಯುರೋಪಿನವನೊಬ್ಬ ಎರಡನೇ ಮೆಸೇಜಿಗೇ ಹಾಗೆ ಕರೆದನಂತೆ. ಬೆಂಗಳೂರಿನ ಹುಡುಗನೊಬ್ಬ 'ಆಫ್ರಿಕಾದಲ್ಲಿ ಎಲ್ಲಿ?' ಅಂತ ಇಂಗ್ಲಿಷಲ್ಲಿ ಕೇಳಿದ. ಇವಳು ಕನ್ನಡದಲ್ಲಿ ಉತ್ತರಿಸಿದ ಮೇಲೆ ಪತ್ತೆಯಿಲ್ಲ. 'ವಿಲಕ್ಷಣ' ಬೈದಂತಾಗುತ್ತದೆ, 'ವಿಶಿಷ್ಟ' ಬರೀ ಹೊಗಳಿಕೆ. ಹೊಗಳುತ್ತಲೇ ಹೊರಗಿಡುವ ಪದ ಬೇಕು. ಐದಕ್ಕೆ ಪ್ರೆಸ್ ಬಾಗಿಲು ಹಾಕುತ್ತಾರೆ.

ಹೆಗಡೆ, ಶಿರಸಿ:
ತಂಗೀ, 'ಸೀಮೆ' ಇದೆಯಲ್ಲ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಬದನೆ. ಗಡಿ, ನಾಡು ಎಂಬ ಅರ್ಥದ್ದು ಪರನಾಡಿನದಕ್ಕೆ ಅಂಟಿತು. ಎಕ್ಸಾಟಿಕ್‌ನ ಗ್ರೀಕ್ ಮೂಲಕ್ಕೂ 'ಹೊರಗಿನದು' ಎಂದೇ ಅರ್ಥ. 'ಸೀಮೆಚೆಲುವೆ' ಅನ್ನಿ. ಮುಗಿಯಿತು.

ನಾಯಕ, ಅಂಕೋಲಾ:
ಮುಗಿಯಲಿಲ್ಲ ಹೆಗಡೇರೆ. ನಮ್ಮ ಕಡೆ ಸೀಮೆಎಣ್ಣೆ ಅಂದರೆ ಚಿಮಣಿ ಎಣ್ಣೆ. ಸೀಮೆಹಸು ಎಂದು ಜರ್ಸಿ ದನಕ್ಕೆ ಅನ್ನುವುದನ್ನು ಹುಡುಗಿಗೆ ಹಚ್ಚುತ್ತೀರಾ? ಸಾಲದ್ದಕ್ಕೆ ಸೀಮೆ ಸಂಸ್ಕೃತ. ಕನ್ನಡದ್ದೇ ಬೇಕೆಂದರೆ 'ಹೊರಚೆಲುವು'.

ಹೆಗಡೆ:
ಒಳಗೇನೂ ಇಲ್ಲ ಎಂದಂತಾಗುತ್ತದೆ. ಬೇಡ.

ಹೊನ್ನಾವರದಿಂದ:
'ಪರಂಗಿ' ಮರೆತಿರೋ? ಯುರೋಪಿನ ಫ್ರಾಂಕ್ ಜನರ ಹೆಸರು ಪಾರಸಿಯಲ್ಲಿ ಫರಂಗಿ, ನಮ್ಮಲ್ಲಿ ಪರಂಗಿ. ಪಪ್ಪಾಯಿಯೂ ಪರಂಗಿ ಹಣ್ಣಾಗಿ ಹಿತ್ತಿಲು ಸೇರಿತು.

ನಾಯಕ:
ಪರಂಗಿ ಅಂದರೆ ಬಿಳಿಯ ಮಾರಾಯರೆ. 1510ರಲ್ಲಿ ಗೋವಾ ಹಿಡಿದ ಪರಂಗಿಯವರು, ಅಂದರೆ ಪೋರ್ಚುಗೀಸರು, ಆಫ್ರಿಕಾದಿಂದ ಗುಲಾಮರನ್ನು ಹಡಗಲ್ಲಿ ತಂದರು. ನಮ್ಮ ಜಿಲ್ಲೆಯ ಸಿದ್ದಿಗಳಲ್ಲಿ ಹಲವರು ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರ ವಂಶದವರು. ಯಜಮಾನನ ಹೆಸರು ತಂದು ಅವಳಿಗೇ ಇಡುತ್ತೀರಿ. ಪದಮೂಲ ಗೊತ್ತಿದ್ದರೆ ಸಾಲದು.

ಹೊನ್ನಾವರದಿಂದ:
ಹಾಗಾದರೆ ಪೋರ್ಚುಗೀಸರ ಚಾವಿ, ಬಟಾಟೆ, ಪಾದ್ರಿ ಎಲ್ಲ ವಾಪಸು ಕಳಿಸಿ. ಮನೆಗೆ ಬೀಗ ಹೇಗೆ ಹಾಕುತ್ತೀರೋ ನೋಡೋಣ.

ಗೋಕರ್ಣದಿಂದ:
ಬಿಳಿ ಹುಡುಗಿ ಕಂಡರೆ 'ಇವರೆಲ್ಲ ಯಾವುದಕ್ಕೂ ಬೇಡ ಅನ್ನೋದಿಲ್ಲ' ಎಂದುಕೊಂಡು ಮೆಸೇಜು ಹಾಕುವ ನಮ್ಮ ಹುಡುಗರಿಗೂ ಒಂದು ಪದ ಹುಡುಕಿ. ಬೀಚಿನಲ್ಲಿ ದಿನಾ ನೋಡುತ್ತೇನೆ.

ಹೆಗಡೆ:
ವಿಷಯಾಂತರ.

ಕಾರವಾರದಿಂದ, 4:40:
ಎಲ್ಲವನ್ನೂ ಅವಳಿಗೆ ಓದಿ ಹೇಳಿದೆ. 'ಸೀಮೆಚೆಲುವೆ'ಗೆ ನಕ್ಕಳು. 'ಪರಂಗಿ'ಗೆ ನಗಲಿಲ್ಲ. 'ಎಕ್ಸಾಟಿಕ್ ಅಂತಲೇ ಇಡು. ಅವನ ಪದ ಅವನ ಭಾಷೇಲೇ ಇರಲಿ, ಅದನ್ನ ಕನ್ನಡಕ್ಕೆ ಯಾಕೆ ತರ್ತೀರಿ?' ಅಂದಳು. ಹಾಗೇ ಕಳಿಸಿದೆ. ಬ್ಯಾನರಿನ ಫೋಟೋ ನಾಳೆ ಹಾಕುತ್ತೇನೆ.

ನಾಯಕ:
ಬ್ಯಾನರ್ ಅಲ್ಲ, ಪಟ.

ಹೆಗಡೆ:
ಪಟವೂ ಸಂಸ್ಕೃತ.