ಭಾನುವಾರದ ಪ್ರಶ್ನೋತ್ತರ: ರಾಕೆಟ್, ಉಪಗ್ರಹದ ಹಳೇ ಸ್ಟಾಂಪುಗಳು

(ಪ್ರಶ್ನೆ: ಗುಂಪಿನ ಸದಸ್ಯರು, ಅವರವರ ಊರ ಹೆಸರಲ್ಲಿ. ಉತ್ತರ: ಗುಂಪಿನ ಸ್ಟಾಂಪ್ ವ್ಯಾಪಾರಿ, ಬಳ್ಳಾರಿ)

ಗಂಗಾವತಿ: ಸರ್, ಅಜ್ಮಾನ್, ಫುಜೈರಾದ ಅಪೊಲೊ ಚಂದ್ರಯಾನದ ಸ್ಟಾಂಪ್ 40 ಇವೆ. ಎಷ್ಟು ಬರಬಹುದು?

ವ್ಯಾಪಾರಿ: ಚಹಾದ ಖರ್ಚು. ಆ ಪುಟ್ಟ ಅರಬ್ ಸಂಸ್ಥಾನಗಳು ಸಂಗ್ರಹಕಾರರಿಗೆ ಮಾರೋಕೇ ಅಂತ ರಾಶಿ ರಾಶಿ ಅಚ್ಚು ಹಾಕಿಸಿದವು. ಮುದ್ರೆ ಬಿದ್ದಿದ್ದರೂ ಹಿಂದೆ ಗೋಂದು ಹಾಗೇ ಇದ್ದರೆ, ಅದು ಯಾವ ಪತ್ರದ ಮೇಲೂ ಕೂತಿಲ್ಲ.

ಸಿಂಧನೂರು: ನಮ್ಮಲ್ಲೂ ಅಂಥವೇ, ಶಾರ್ಜಾದವು. ಬೆಲೆ?

ವ್ಯಾಪಾರಿ: ಮೇಲೆ ಓದಿ.

ರಾಯಚೂರು: ಮಾವನವರಿಗೆ ರಷ್ಯಾದಿಂದ ಬಂದ 1961ರ ಕವರ್ ಸಿಕ್ಕಿದೆ. ಬಾಹ್ಯಾಕಾಶಕ್ಕೆ ಹೋದ ಮೊದಲ ಮನುಷ್ಯ ಗಗಾರಿನ್ ಅವರ ಸ್ಟಾಂಪ್ ಇದೆ. ಕವರಿಗೆ ಕಂದು ಚುಕ್ಕೆ ಬಿದ್ದಿವೆ. ಸ್ಟಾಂಪ್ ನೆನೆಸಿ ಬಿಡಿಸಿಕೊಂಡು ಕವರ್ ಎಸೆಯಲಾ?

ವ್ಯಾಪಾರಿ: ಬೇಡ ಮೇಡಂ, ನೀರು ತಾಗಿಸಲೇಬೇಡಿ! ಬಿಡಿ ಗಗಾರಿನ್ ಸ್ಟಾಂಪ್ ಬೇಕಾದಷ್ಟು ಸಿಗುತ್ತವೆ. ರಾಯಚೂರಿಗೆ ಬಂದು ತಲುಪಿದ ಕವರ್ ಎಲ್ಲಿ ಸಿಗಬೇಕು? ಗಗಾರಿನ್ ಹಾರಿದ್ದು 1961ರ ಏಪ್ರಿಲ್ 12ಕ್ಕೆ. ರಷ್ಯಾದ ಮುದ್ರೆಯಲ್ಲಿ ತಾರೀಕು ನೋಡಿ. ಆ ದಿನಕ್ಕೆ ಹತ್ತಿರ ಇದ್ದಷ್ಟೂ ಒಳ್ಳೇದು. ಕವರ್ ತಿರುಗಿಸಿ, ಹಿಂದೆ ನಮ್ಮ ಕಡೆಯ ಅಂಚೆ ಮುದ್ರೆ ಇದೆಯಾ? ಕಂದು ಚುಕ್ಕೆ ಬೂಷ್ಟಿನ ಕೆಲಸ, ಪಸೆಗೆ ಬರುತ್ತದೆ. ಉಳಿದವುಗಳಿಂದ ಬೇರೆ ಇಡಿ. ಮಳೆಗಾಲದಲ್ಲಿ ಗೋಡೆ ಕಪಾಟು ಬೇಡ, ಪಿವಿಸಿ ಕವರೂ ಬೇಡ. ಎರಡೂ ಬದಿಯ ಫೋಟೋ ಕಳಿಸಿ.

ಕೊಪ್ಪಳ: ಫಾರ್ವರ್ಡ್: "ನಿಂಬೆರಸ, ಅಡುಗೆ ಸೋಡಾ ಹಚ್ಚಿ ಬಿಸಿಲಿಗಿಟ್ಟರೆ ಕಲೆ ಮಾಯ!"

ವ್ಯಾಪಾರಿ: ಕಲೆ ಜೊತೆ ಸ್ಟಾಂಪೂ ಮಾಯ. ಹುಳಿ ಕಾಗದ ತಿನ್ನುತ್ತದೆ, ನಮ್ಮ ಬಿಸಿಲು ಬಣ್ಣ ತಿನ್ನುತ್ತದೆ. ಇದನ್ನು ಎಷ್ಟು ಸಲ ಹೇಳಬೇಕು?

ಕೊಪ್ಪಳ: ಬಂದಿದ್ದನ್ನು ಕಳಿಸಿದೆ ಅಷ್ಟೆ.

ವ್ಯಾಪಾರಿ: ಅದೇ ತಪ್ಪು.

ಸಂಡೂರು: 1984ರ ಭಾರತ-ಸೋವಿಯತ್ ಯಾನದ ಸ್ಟಾಂಪ್ ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದೇನೆ. ಬಿಡಿಸೋದು ಹೇಗೆ?

ಸಿಂಧನೂರು: ನನ್ನ ಹತ್ತಿರ ಆರ್ಯಭಟ ಉಪಗ್ರಹದ 25 ಪೈಸೆ ಸ್ಟಾಂಪ್ ಇದೆ. 1975 ಏಪ್ರಿಲ್ 19, ಶ್ರೀಹರಿಕೋಟಾದಿಂದ ಹಾರಿದ ದಿನವೇ ಬಂದಿದ್ದು.

ಗಂಗಾವತಿ: ಎರಡೂ ತಪ್ಪು. 19ಕ್ಕೆ ಉಪಗ್ರಹ, 20ಕ್ಕೆ ಸ್ಟಾಂಪ್. ಹಾರಿದ್ದು ರಷ್ಯಾದ ಕಪುಸ್ತಿನ್ ಯಾರ್‌ನಿಂದ.

ಸಿಂಧನೂರು: ಬೆಂಗಳೂರಿನ ಪೀಣ್ಯದಲ್ಲಿ ಕಟ್ಟಿದ್ದನ್ನು ಅವರು ಯಾಕೆ ಹಾರಿಸುತ್ತಾರೆ?

ಗಂಗಾವತಿ: ಆಗ ನಮ್ಮ ರಾಕೆಟ್ ಎಲ್ಲಿತ್ತಣ್ಣ? ನಮ್ಮದರಲ್ಲಿ ರೋಹಿಣಿ ಉಪಗ್ರಹ ಹೋಗಿದ್ದೇ 1980ಕ್ಕೆ. ಓದಿ ಮಾತಾಡಿ.

ಸಿಂಧನೂರು: ನೀವೇನು ಮೇಷ್ಟ್ರಾ?

ಸಂಡೂರು: ನನ್ನ ಲ್ಯಾಮಿನೇಷನ್...

ವ್ಯಾಪಾರಿ: ಗಂಗಾವತಿಯವರದು ಸರಿ. ಇಬ್ಬರೂ ಸುಮ್ನಿರಿ. ರಾಯಚೂರು ಮೇಡಂ, ಫೋಟೋ ಎಲ್ಲಿ?

ರಾಯಚೂರು: ಸರ್, ಫಾರ್ವರ್ಡ್ ನೋಡಿ ಅತ್ತೆ ಕವರನ್ನು ಮಾಳಿಗೆ ಮೇಲೆ ಬಿಸಿಲಿಗೆ ಇಟ್ಟಿದ್ದಾರಂತೆ.

ವ್ಯಾಪಾರಿ: ಓಡಿ.