ಪದಚರ್ಚೆ: ಆಪರೇಷನ್ ನಂತರದ ವಾಕರಿಕೆ, ಓಕರಿಕೆ, ಹೊಟ್ಟೆ ತೊಳಸುವುದು – ಯಾವುದಕ್ಕೆ ಯಾವುದು?

ಗೆಳೆಯರೇ, ನಾನು ದಾವಣಗೆರೆಯ ಒಂದು ಆಸ್ಪತ್ರೆಯ ಅರಿವಳಿಕೆ ವಿಭಾಗದಲ್ಲಿದ್ದೇನೆ. ಆಪರೇಷನ್‌ಗೆ ಬರುವವರ ಕೈಗೆ ಕೊಡಲು ಒಂದು ಪುಟದ ಕನ್ನಡ ಹಾಳೆ ಬರೆಯುತ್ತಿದ್ದೇವೆ. ಕೆಲವು ಪದಗಳಿಗೆ ನಿಮ್ಮ ಸಹಾಯ ಬೇಕು.

ವೈದ್ಯರು ಇಲ್ಲಿ ಮೂರು ಸಂಗತಿ ಬಿಡಿಸಿ ನೋಡುತ್ತಾರೆ. ವಾಂತಿ ಬರುವ ಹಾಗೆ ಒಳಗೊಳಗೇ ಅನಿಸುವುದು ಒಂದು. ಹೊಟ್ಟೆ ಕಿವುಚಿಕೊಂಡರೂ ಏನೂ ಹೊರಗೆ ಬಾರದಿರುವುದು ಇನ್ನೊಂದು. ಮೂರನೆಯದು ವಾಂತಿ, ಅದಕ್ಕೆ ತಕರಾರಿಲ್ಲ. ಮೊದಲೆರಡಕ್ಕೂ ಸುಮ್ನೆ ‘ವಾಕರಿಕೆ’ ಅಂತ ಬರೆದುಬಿಡುತ್ತೇವೆ.

ಇದರಿಂದ ರೋಗಿಗೆ ತೊಂದರೆಯಾಗುತ್ತದೆ. ವಾರ್ಡಿನಲ್ಲಿ “ವಾಂತಿ ಆಯ್ತೇನಮ್ಮಾ?” ಅಂದರೆ “ಇಲ್ಲ” ಅನ್ನುತ್ತಾರೆ. ಆದರೆ ಕಣ್ಣು ತೆರೆಯುವುದಿಲ್ಲ, ಒಂದು ಗುಟುಕು ನೀರೂ ಬೇಡ ಅನ್ನುತ್ತಾರೆ. “ಹೊಟ್ಟೆ ತೊಳಸ್ತಾ ಇದೆಯಾ?” ಅಂತ ಕೇಳಿದರೆ, “ಹ್ಞೂಂ, ಎಚ್ಚರ ಆದಾಗಿನಿಂದ!” ಆಗಲೇ ಕೊಡಬಹುದಾಗಿದ್ದ ಇಂಜೆಕ್ಷನ್ ತಡವಾಯಿತು ಅಲ್ವಾ? ನನ್ನ ಮಟ್ಟಿಗೆ ಮೊದಲನೆಯದಕ್ಕೆ ‘ಹೊಟ್ಟೆ ತೊಳಸುವುದು’ ಅಂತಲೇ ಇರಲಿ. ಮುದ್ದೆ ತೊಳಸುತ್ತೇವಲ್ಲ, ಅದೇ ತೊಳಸು. ಎರಡನೆಯದಕ್ಕೆ ‘ಓಕರಿಕೆ’ ಇಟ್ಟುಕೊಳ್ಳಬಹುದೇ? ಅಥವಾ ನಿಮ್ಮ ಕಡೆ ಓಕರಿಕೆ ಅಂದರೆ ವಾಂತಿಯೇ?

ಇನ್ನು ಮೊದಲೇ ತಡೆಯುವ ಭಾಗ. ತಡೆಯುವ ಮದ್ದು ಕೊಡದಿದ್ದರೆ ಪೂರ್ತಿ ಅರಿವಳಿಕೆ ಪಡೆದ 100 ಜನರಲ್ಲಿ ಸುಮಾರು 30 ಮಂದಿಗೆ ವಾಂತಿಯಾಗುತ್ತದೆ. ಯಾರಿಗೆ ಜಾಸ್ತಿ ಅಂತ ಅಂದಾಜು ಮಾಡಲು 1999ರಲ್ಲಿ ಅರಿವಳಿಕೆ ವೈದ್ಯ ಆಪ್‌ಫೆಲ್ ಮತ್ತು ಸಂಗಡಿಗರು ನಾಲ್ಕು ಅಂಶ ಗುರುತಿಸಿದರು: ಹೆಂಗಸಾಗಿರುವುದು, ಬೀಡಿ ಸಿಗರೇಟು ಸೇದದಿರುವುದು, ಹಿಂದೆ ಆಪರೇಷನ್ ಆದಾಗ ಅಥವಾ ಪ್ರಯಾಣದಲ್ಲಿ ಹೊಟ್ಟೆ ತೊಳಸಿರುವುದು ಇಲ್ಲವೇ ವಾಂತಿಯಾಗಿರುವುದು, ಆಮೇಲೆ ಮಾರ್ಫಿನ್‌ನಂಥ ನೋವಿನ ಮದ್ದು ಬೇಕಾಗುವುದು. ಒಂದೊಂದಕ್ಕೂ ಒಂದು ಅಂಕ. ಎರಡಿದ್ದರೆ ಹೊಟ್ಟೆ ತೊಳಸುವ ಇಲ್ಲವೇ ವಾಂತಿಯಾಗುವ ಸಾಧ್ಯತೆ ಶೇ. 40ರ ಹತ್ತಿರ, ನಾಲ್ಕೂ ಇದ್ದರೆ ಶೇ. 80ರ ಹತ್ತಿರ. ನಮ್ಮ ಕಡೆಯ ಹೆಚ್ಚಿನ ಹೆಂಗಸರು ಬೀಡಿ ಸಿಗರೇಟು ಸೇದುವುದಿಲ್ಲ, ಹಾಗಾಗಿ ಅವರಿಗೆ ಬಾಗಿಲಲ್ಲೇ ಎರಡು ಅಂಕ ಬಂದಾಯಿತು.

ಪ್ರಯಾಣದ ಪ್ರಶ್ನೆಯನ್ನು ಇಲ್ಲಿಗೆ ತಕ್ಕ ಹಾಗೆ ಕೇಳಬೇಕು. “ಬಸ್ಸಲ್ಲಿ ವಾಂತಿ ಆಗುತ್ತಾ?” ಅಂದರೆ ಚಿತ್ರದುರ್ಗದಿಂದ ನೇರ ಹೈವೇಯಲ್ಲಿ ಬಂದವರು ಇಲ್ಲ ಅನ್ನುತ್ತಾರೆ. “ಧರ್ಮಸ್ಥಳಕ್ಕೆ ಹೋಗುವಾಗ ಚಾರ್ಮಾಡಿ ಘಾಟಿಯಲ್ಲಿ?” ಅಂದರೆ ಉತ್ತರ ಬದಲಾಗುತ್ತದೆ. ಹಾಳೆಯಲ್ಲಿ ಘಾಟಿಯ ಹೆಸರನ್ನೇ ಹಾಕುವ ಆಸೆ ನನಗೆ.

ಇನ್ನೊಂದು ತೊಡಕು ‘ವಾಂತಿ ಇಂಜೆಕ್ಷನ್’. ವಾಂತಿ ತಡೆಯುವ ಮದ್ದುಗಳಾದ ಡೆಕ್ಸಾಮೆಥಸೋನ್ ಆಪರೇಷನ್ ಶುರುವಿನಲ್ಲಿ, ಒಂಡಾನ್‌ಸೆಟ್ರಾನ್ ಕೊನೆಯಲ್ಲಿ, ಹೀಗೆ ವಾಂತಿ ಬರುವ ಮೊದಲೇ ಕೊಡುತ್ತೇವೆ. ಅಪಾಯ ಜಾಸ್ತಿ ಇದ್ದವರಿಗೆ ಉಸಿರಲ್ಲಿ ಕೊಡುವ ಮತ್ತಿನ ಗ್ಯಾಸಿನ ಬದಲು ಪ್ರೊಪೊಫಾಲ್ ಎಂಬ ಮತ್ತಿನ ಮದ್ದನ್ನು ರಕ್ತನಾಳಕ್ಕೆ ಹರಿಸಿ ನಿದ್ದೆ ಮಾಡಿಸುವುದೂ ಉಂಟು. ಆದರೆ ‘ವಾಂತಿ ಇಂಜೆಕ್ಷನ್’ ಅಂದರೆ ವಾಂತಿ ಮಾಡಿಸುವುದು ಅಂತಲೂ ಅರ್ಥವಾಗಬಹುದು. “ಬರಲಿ ಬಿಡಿ, ಮತ್ತಿನ ಮದ್ದು ಹೊರಗೆ ಹೋಗಲಿ” ಅನ್ನುವವರು ಇರುವಾಗ ಇದು ಸಣ್ಣ ಮಾತಲ್ಲ. ಉಸಿರಲ್ಲಿ ಕೊಟ್ಟ ಗ್ಯಾಸು ಉಸಿರಲ್ಲೇ ಹೋಗುತ್ತದೆ. ಅದಕ್ಕೆ ವಾಂತಿಯಾಗಬೇಕಿಲ್ಲ. ‘ವಾಂತಿ ತಡೆಯುವ ಇಂಜೆಕ್ಷನ್’ ಅಂದರೆ ಸಾಕೇ, ‘ವಾಂತಿ ಬಾರದಿರಲಿ ಅಂತ ಮೊದಲೇ ಕೊಡುವ’ ಅಂತ ಬಿಡಿಸಿ ಬರೆಯಬೇಕೇ?

ಚಳ್ಳಕೆರೆ, ಹೊಸದುರ್ಗ, ಜಗಳೂರು, ಹರಿಹರ ಕಡೆಯವರು ದಯವಿಟ್ಟು ತಿಳಿಸಿ. ನಿಘಂಟಿನ ಅರ್ಥ ನನ್ನ ಹತ್ತಿರ ಇದೆ. ನಿಮ್ಮ ಮನೆಯ ಅಜ್ಜಿ, ಅಮ್ಮ ಹೊಟ್ಟೆ ಕೆಟ್ಟಾಗ ಬಾಯಿಬಿಟ್ಟು ಏನಂತಾರೆ, ಆ ಮಾತು ಬೇಕು.